ಚರಂಡಿ ನೀರು ಮತ್ತೆ ನಲ್ಲಿಗೆ ಬರುತ್ತಾ? ಮೈಸೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಮಿಸ್ಟ್ರಿ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೊಂದು ಹುಚ್ಚು ಹಿಡಿದಿದೆ. ಬಡಾವಣೆಯ ಸಂಘದವರು ಯಾರಾದರೂ ಸಭೆಗೆ ಕರೆದರೆ ಎರಡು ಬಾಟಲಿ ಹಿಡಿದು ಹೋಗುತ್ತೇನೆ. ಒಂದರಲ್ಲಿ ಕೊಳಚೆ ನೀರಿನ ಸಂಸ್ಕರಣಾ ಘಟಕದಿಂದ ಹೊರಬಿದ್ದ ನೀರು. ಹಾಲು ಹಾಕದ ಟೀ ತೆಳುವಾದರೆ ಹೇಗಿರುತ್ತದೋ ಹಾಗಿರುತ್ತದೆ. ಇನ್ನೊಂದರಲ್ಲಿ ಅದೇ ನೀರನ್ನು ಮರಳು, ಇದ್ದಿಲು ಮತ್ತು ಹಳೆಯದೊಂದು ಆರ್‌ಓ ಮೆಷಿನ್ನಿನಲ್ಲಿ ಹಾಯಿಸಿದ್ದು. ಮೊದಲನೆಯದನ್ನು ನೋಡಿ ಮೂಗು ಮುಚ್ಚಿಕೊಳ್ಳುವವರು ಎರಡನೆಯದನ್ನು ಬಿಸ್ಲೇರಿ ಅಂದುಕೊಳ್ಳುತ್ತಾರೆ. ಎರಡೂ ಒಂದೇ ನೀರು ಅಂದ ಕೂಡಲೇ ಪ್ರಶ್ನೆಗಳು ಶುರು. ಅಲ್ಲಿ ಮತ್ತೆ ಮತ್ತೆ ಬಂದವನ್ನು, ಕೇಳಿದವರ ಮಾತಿನಲ್ಲೇ ಇಟ್ಟು, ಇಲ್ಲಿ ಬರೆದಿದ್ದೇನೆ.

ಹಾಗಾದ್ರೆ ನಾಳೆಯಿಂದ ನಮ್ಮ ನಲ್ಲೀಲಿ ಇದೇ ಬರುತ್ತಾ?

ಇಲ್ಲ. ಮೈಸೂರಿನ ನಲ್ಲಿಗೆ ಬರುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್‌ನ, ಕಡೆಯಿಂದ ಕಾವೇರಿ, ನಂಜನಗೂಡು ದಿಕ್ಕಿನಿಂದ ಕಬಿನಿ (ಕಪಿಲೆ ಅನ್ನುವುದೂ ಇದನ್ನೇ). ಎರಡನ್ನೂ ಪಟಿಕ ಹಾಕಿ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಬಿಡುತ್ತಾರೆ. ಚರಂಡಿ ನೀರನ್ನು ಶುದ್ಧ ಮಾಡಿ ನೇರ ಪೈಪಿಗೆ ಕೊಡುವ ವ್ಯವಸ್ಥೆ ಇಲ್ಲಿಲ್ಲ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಇವತ್ತೇ ಕ್ಯಾನ್ ನೀರಿಗೆ ಹೇಳಬೇಕಾಗಿಲ್ಲ.

ಸದ್ಯ! ನಾವು ಯಾವತ್ತೂ ಇನ್ನೊಬ್ಬರು ಬಳಸಿ ಬಿಟ್ಟ ನೀರು ಕುಡಿದಿಲ್ಲ, ಅಲ್ವಾ?

ಕುಡಿಯುತ್ತಲೇ ಇದ್ದೇವೆ. ಸಭೆಯಲ್ಲಿ ಗಲಾಟೆ ಏಳುವುದು ಈ ಉತ್ತರಕ್ಕೇ.

ಕುಶಾಲನಗರ ಇರುವುದು ಕಾವೇರಿ ದಡದಲ್ಲಿ. ಹುಣಸೂರು ಲಕ್ಷ್ಮಣತೀರ್ಥದ ದಡದಲ್ಲಿ, ಹೊಳೆನರಸೀಪುರ ಹೇಮಾವತಿ ದಡದಲ್ಲಿ. ಮೂರು ಹೊಳೆಯೂ ಬಂದು ಸೇರುವುದು ಕೆಆರ್‌ಎಸ್‌ಗೆ. ಆ ಊರುಗಳವರು ಸ್ನಾನ ಮಾಡಿದ, ಪಾತ್ರೆ ತೊಳೆದ, ಕಕ್ಕಸಿಗೆ ಸುರಿದ ನೀರು ಇಂಗಿ ಉಳಿದದ್ದು ಹರಿದು ಬರುವುದು ಎಲ್ಲಿಗೆ? ಕಟ್ಟೆಗೇ.

ಈಗ ನಮ್ಮ ಸರದಿ. ಮೈಸೂರು ಕುಳಿತಿರುವುದು ಎರಡು ಹೊಳೆಗಳ ನಡುವಿನ ದಿಬ್ಬದ ಮೇಲೆ. ಊರಿನ ಉತ್ತರದ ಇಳಿಜಾರಿನ ನೀರು ಕಾವೇರಿ ಕಡೆಗೆ, ದಕ್ಷಿಣದ್ದು ಕಪಿಲೆಯ ಕಡೆಗೆ. ಎರಡೂ ತಿರುಮಕೂಡಲು ನರಸೀಪುರದಲ್ಲಿ ಕೂಡುತ್ತವೆ. ಅಲ್ಲಿಂದ ಕೆಳಗೆ, ಮಳವಳ್ಳಿ ತಾಲ್ಲೂಕಿನಲ್ಲಿ, ಬೆಂಗಳೂರಿಗೆ ನೀರು ಎತ್ತುತ್ತಾರೆ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿಸುತ್ತಾರೆ. ಅಂದರೆ ಬೆಂಗಳೂರಿನಲ್ಲಿರುವ ನಿಮ್ಮ ಮಗಳು ಕುಡಿಯುವ ಲೋಟದಲ್ಲಿ ನಿಮ್ಮ ಬಚ್ಚಲಿನದೂ ಒಂದು ಪಾಲಿದೆ. ಅದಕ್ಕೂ ಕೆಳಗೆ ಹೊಗೆನಕಲ್ಲಿನಲ್ಲಿ ಎತ್ತಿ ಧರ್ಮಪುರಿ, ಕೃಷ್ಣಗಿರಿಗೆ ಕೊಡುತ್ತಾರೆ.

ಇದಕ್ಕೆ ಯಾರೂ ಯೋಜನೆ ಹಾಕಿಲ್ಲ, ಶಂಕುಸ್ಥಾಪನೆ ಮಾಡಿಲ್ಲ, ಫ್ಲೆಕ್ಸ್ ಕಟ್ಟಿಲ್ಲ. ತಾನಾಗಿ ನಡೆಯುತ್ತಿದೆ. ಹಾಗಾಗಿ ಬಳಸಿದ ನೀರು ಕುಡಿಯಬೇಕೋ ಬೇಡವೋ ಅನ್ನುವ ಚರ್ಚೆ ನನಗೆ ತಡವಾಗಿ ಬಂದ ಬಸ್ಸಿನಂತೆ ಕಾಣುತ್ತದೆ. ಹೇಗಿದ್ದರೂ ಕುಡಿಯುತ್ತೇವೆ ಅಂದ ಮೇಲೆ, ಅಳೆದು ನೋಡಿ ಕುಡಿಯೋಣವಾ ಕಣ್ಣು ಮುಚ್ಚಿ ಕುಡಿಯೋಣವಾ ಅನ್ನುವುದಷ್ಟೇ ಉಳಿಯುತ್ತದೆ.

ಹೊಳೇಲಿ ಹರಿದು ಬರೋವಾಗ ಶುದ್ಧ ಆಗಲ್ವಾ?

ಒಂದಿಷ್ಟು ಆಗುತ್ತದೆ. ಬಿಸಿಲು ಕ್ರಿಮಿಯನ್ನು ಕೊಲ್ಲುತ್ತದೆ, ಬಂಡೆಗೆ ಬಡಿದು ಗಾಳಿ ಬೆರೆಯುತ್ತದೆ, ಕಸರು ತಳಕ್ಕೆ ಕೂರುತ್ತದೆ, ದೊಡ್ಡ ನೀರು ಸೇರಿ ತೆಳುವಾಗುತ್ತದೆ. ಆಷಾಢದಲ್ಲಿ ಹೊಳೆ ತುಂಬಿ ಹರಿಯುವಾಗಿನ ಕತೆ ಇದು. ಏಪ್ರಿಲ್‌ನಲ್ಲಿ ಸಂಗಮದ ಬಳಿ ಮಂಡಿಯುದ್ದ ನೀರಿರುವಾಗ ಬೆರೆಯುವುದಕ್ಕೇ ನೀರಿರುವುದಿಲ್ಲ. ಊರು ಬಿಡುವ ಕೊಳಚೆ ಮಾತ್ರ ಬೇಸಿಗೆ ಅಂತ ಕಡಿಮೆಯಾಗುವುದಿಲ್ಲ.

ಈಗ ನಮ್ಮ ಯುಜಿಡಿ ನೀರು ಎಲ್ಲಿಗೆ ಹೋಗುತ್ತೆ?

ಯುಜಿಡಿ ಅಂದರೆ ನೆಲದಡಿಯ ಒಳಚರಂಡಿ. ಅದರಲ್ಲಿ ಬರುವ ಮೈಸೂರಿನ ಕೊಳಚೆಗೆ ಮೂರು ದೊಡ್ಡ ಘಟಕಗಳಿವೆ: ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆ. ಸಾಮರ್ಥ್ಯ ದಿನಕ್ಕೆ ಕ್ರಮವಾಗಿ 67.65, 60 ಮತ್ತು 30 ದಶಲಕ್ಷ ಲೀಟರ್. ಹಳಬರಿಗೆ ವಿದ್ಯಾರಣ್ಯಪುರಂನದು ಇವತ್ತಿಗೂ 'ಸೂಯೇಜ್ ಫಾರ್ಮ್'. (ಅಲ್ಲಿನ ನಾತಕ್ಕೆ ನೀರಿನ ಘಟಕಕ್ಕಿಂತ ಪಕ್ಕದ ಕಸದ ಗುಡ್ಡವೇ ಹೆಚ್ಚು ಕಾರಣ. ಬೈಗುಳ ಮಾತ್ರ ಇಬ್ಬರಿಗೂ ಸಮಪಾಲು.)

ಕೊಳಚೆ ಅಂದರೆ ನೂರಕ್ಕೆ 99.9 ಪಾಲು ನೀರೇ. ಉಳಿದ ಚೂರಿನದೇ ಎಲ್ಲ ಕಿತಾಪತಿ. ಈ ಘಟಕಗಳಲ್ಲಿ ಮುಖ್ಯ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ದೊಡ್ಡ ಕೊಳಗಳಲ್ಲಿ ನೀರನ್ನು ನಿಲ್ಲಿಸಿ, ಯಂತ್ರದಿಂದ ಗಾಳಿ ಕಲಕಿ ಕೊಟ್ಟರೆ ಅವು ಹೊಲಸನ್ನು ತಿಂದು ಮುಗಿಸುತ್ತವೆ. ಇಡ್ಲಿ ಹಿಟ್ಟು ಹುದುಗುವುದಕ್ಕೂ ಇದಕ್ಕೂ ತತ್ವದಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಅಂದಾಗ ಕುವೆಂಪುನಗರದ ಒಬ್ಬ ತಾಯಿ 'ಮೇಷ್ಟ್ರೇ, ನಾಳೆ ತಿಂಡಿಗೆ ಏನು ಮಾಡಲಿ?' ಅಂದರು. ಆಮೇಲಿಂದ ಆ ಹೋಲಿಕೆ ಬಿಟ್ಟಿದ್ದೇನೆ.

ಇದಕ್ಕೆ ಎರಡನೇ ಹಂತದ ಸಂಸ್ಕರಣೆ ಅನ್ನುತ್ತಾರೆ. ಆಮೇಲೂ ನೀರಿನಲ್ಲಿ ರೋಗಾಣು ಇರುತ್ತವೆ, ಉಪ್ಪು ಹಾಗೇ ಇರುತ್ತದೆ, ಸಾರಜನಕ, ರಂಜಕ ಇರುತ್ತವೆ. ಕೆರೆಯಲ್ಲಿ ಅಂತರಗಂಗೆ ಹಬ್ಬುವುದು ಆ ಗೊಬ್ಬರ ತಿಂದೇ. ಹೊಳೆಗೆ ಬಿಡಲು ಇಷ್ಟು ಸಾಕು ಅಂತ ಬಹಳ ವರ್ಷ ಎಲ್ಲರೂ ನಡೆಸಿಕೊಂಡು ಬಂದರು. ಕುಡಿಯಲಿಕ್ಕಂತೂ ಇದು ಸಾಲದು.

ಕುಡಿಯೋ ಹಾಗೆ ಮಾಡೋದು ಹೇಗೆ? ನಮ್ಮನೆ ಆರ್‌ಓ ಥರಾನಾ?

ಒಂದು ಪಾಲು ಹಾಗೇ. ಆದರೆ ಆರ್‌ಓ ಒಂದೇ ಅಲ್ಲ, ಅದರ ಹಿಂದೆ ಮುಂದೆ ಕಾವಲುಗಾರರಿದ್ದಾರೆ.

ಮೊದಲು ಅಲ್ಟ್ರಾಫಿಲ್ಟ್ರೇಶನ್. ಶಾವಿಗೆಯಂಥ ಟೊಳ್ಳು ಎಳೆಗಳ ಕಟ್ಟು. ಅದರ ಗೋಡೆಯ ರಂಧ್ರ ಒಂದು ಮೈಕ್ರಾನ್‌ನ ಹತ್ತನೇ ಒಂದರಿಂದ ನೂರನೇ ಒಂದು ಭಾಗದಷ್ಟು. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದು ಮೈಕ್ರಾನ್ ಆಸುಪಾಸು ಇರುತ್ತದೆ, ಹಾಗಾಗಿ ಒಳಗೆ ತೂರಲಾರದು.

ಎರಡನೆಯದು ಆರ್‌ಓ. ಇಲ್ಲಿ ರಂಧ್ರ ಅನ್ನುವುದೇ ಇಲ್ಲ ಅನ್ನಬೇಕು. ಒತ್ತಡ ಹಾಕಿದಾಗ ನೀರಿನ ಅಣು ಪೊರೆಯೊಳಗೆ ನುಸುಳುತ್ತದೆ, ಕರಗಿದ ಉಪ್ಪು, ವೈರಸ್, ಔಷಧದ ಅಂಶಗಳ ಬಹುಪಾಲು ಆಚೆಯೇ ನಿಲ್ಲುತ್ತವೆ.

ಮೂರನೆಯದು ಜೋರಾದ ಅತಿನೇರಳೆ ಬೆಳಕು, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್. ಆರ್‌ಓ ಪೊರೆಯನ್ನೂ ದಾಟುವ ಸಣ್ಣ ಅಣುಗಳಿವೆ, ಎನ್‌ಡಿಎಂಎ ಅನ್ನುವುದು ಅಂಥ ಒಂದು. ಪೊರೆ ಹಿಡಿಯಲಾರದ್ದನ್ನು ಬೆಳಕು ಒಡೆಯುತ್ತದೆ. ಕೊನೆಗೆ ಸ್ವಲ್ಪ ಸುಣ್ಣ ಬೆರೆಸುತ್ತಾರೆ, ಯಾಕಂದರೆ ಉಪ್ಪಿಲ್ಲದ ನೀರು ಹಸಿದ ನೀರು, ಪೈಪನ್ನೇ ಕರಗಿಸಿಕೊಳ್ಳುತ್ತದೆ.

ಹೀಗೆ ತಯಾರಾದ ನೀರು ಎರಡು ದಾರಿ ಹಿಡಿಯಬಹುದು. ಅಂತರ್ಜಲಕ್ಕೋ ಜಲಾಶಯಕ್ಕೋ ಬಿಟ್ಟು ಕೆಲವು ತಿಂಗಳ ನಂತರ ಮತ್ತೆ ಎತ್ತಿ ಶುದ್ಧಮಾಡುವುದು ಸುತ್ತುದಾರಿ. ಸೀದಾ ಕುಡಿಯುವ ನೀರಿನ ಘಟಕಕ್ಕೆ ಸೇರಿಸುವುದು ನೇರ ದಾರಿ. ಲೋಕದಲ್ಲಿ ಹೆಚ್ಚು ನಡೆದಿರುವುದು ಸುತ್ತುದಾರಿಯೇ. ಏನಾದರೂ ಎಡವಟ್ಟಾದರೆ ಗೊತ್ತಾಗಿ ತಡೆಯಲು ಸಮಯ ಸಿಗುತ್ತದೆ ಅನ್ನುವುದು ಒಂದು ಕಾರಣ, ಮನಸ್ಸಿಗೆ ಸಮಾಧಾನ ಅನ್ನುವುದು ಇನ್ನೊಂದು.

ನೂರಕ್ಕೆ ನೂರು ಕ್ರಿಮಿ ಸಾಯುತ್ತೆ ಅಂತ ಬರೆದುಕೊಡ್ತೀರಾ?

ಕೊಡುವುದಿಲ್ಲ. ಬರೆದುಕೊಡುವವರನ್ನು ನಂಬಲೂ ಬೇಡಿ. ಈ ಕ್ಷೇತ್ರದವರು ಲೆಕ್ಕ ಹಾಕುವುದು ಮೆಟ್ಟಿಲುಗಳಲ್ಲಿ. ಹತ್ತರಲ್ಲಿ ಒಂಬತ್ತು ಹೋದರೆ ಒಂದು ಮೆಟ್ಟಿಲು, ನೂರರಲ್ಲಿ ತೊಂಬತ್ತೊಂಬತ್ತು ಹೋದರೆ ಎರಡು. ಲಾಗ್ ಅನ್ನುವುದು ಇದನ್ನೇ. ಕ್ಯಾಲಿಫೋರ್ನಿಯಾದಲ್ಲಿ ಶುದ್ಧೀಕರಿಸಿದ ನೀರನ್ನು ಅಂತರ್ಜಲಕ್ಕೆ ಇಳಿಸಿ ಕುಡಿಯಬೇಕಾದರೆ ವೈರಸ್‌ಗೆ 12 ಮೆಟ್ಟಿಲು ಆಗಲೇಬೇಕು. ಹೊಲಸು ನೀರಿನಲ್ಲಿ ಒಂದು ಲಕ್ಷ ಕೋಟಿ ವೈರಸ್ ಇದ್ದರೆ ಕೊನೆಗೆ ಒಂದು ಉಳಿಯುವ ಲೆಕ್ಕ.

ನನಗೆ ಇದರಲ್ಲಿ ಹಿಡಿಸುವ ವಿಷಯ ಬೇರೆ. ಆರ್‌ಓ ಪೊರೆ ನಿಜಕ್ಕೂ ಇನ್ನೂ ಹೆಚ್ಚು ತಡೆಯುತ್ತದೆ, ಆದರೂ ಅದಕ್ಕೆ ಸಿಗುವುದು 2 ಮೆಟ್ಟಿಲಿನ ಆಸುಪಾಸಿನ ಅಂಕ. ಯಾಕೆ? ಪೊರೆ ಸರಿಯಾಗಿದೆಯೇ ಅಂತ ಘಟಕ ನಡೆಯುತ್ತಿರುವಾಗಲೇ ಅಳೆದು ತೋರಿಸಲು ಆಗುವುದು ಅಷ್ಟೇ. ತೋರಿಸಲಾಗದ ಬುದ್ಧಿವಂತಿಕೆಗೆ ಅಂಕವಿಲ್ಲ. ಪರೀಕ್ಷೆಯಲ್ಲಿ ಸ್ಟೆಪ್ಸ್ ಬರೆಯದೆ ಉತ್ತರ ಮಾತ್ರ ಬರೆದ ಹುಡುಗರಿಗೆ ನಾನೂ ಹೀಗೇ ಮಾಡುತ್ತಿದ್ದೆ.

ಮಾತ್ರೆ, ಇಂಜೆಕ್ಷನ್ನು, ಆ್ಯಂಟಿಬಯೋಟಿಕ್ಕು, ಇವೆಲ್ಲ ಒಂದಕ್ಕೆ ಹೋದಾಗ ನೀರಿಗೆ ಸೇರಲ್ವಾ?

ಸೇರುತ್ತವೆ. ಸಕ್ಕರೆ ಕಾಯಿಲೆಗೆ ನುಂಗುವ ಮೆಟ್‌ಫಾರ್ಮಿನ್ ದೇಹದಲ್ಲಿ ಜೀರ್ಣವಾಗುವುದೇ ಇಲ್ಲ, ಇದ್ದ ಹಾಗೇ ಮೂತ್ರದಲ್ಲಿ ಹೊರಬರುತ್ತದೆ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ವಾಕಿಂಗ್ ಹೊರಡುವವರಲ್ಲಿ ಅರ್ಧಕ್ಕರ್ಧ ಜನ ಅದರ ಗಿರಾಕಿಗಳು, ನಾನೂ ಸೇರಿ. ಮರಳು ಮತ್ತು ಕ್ಲೋರಿನ್ ಇಂಥದ್ದನ್ನು ಹಿಡಿಯಲು ಹುಟ್ಟಿದವಲ್ಲ. ಆರ್‌ಓ, ಓಜೋನ್, ಇದ್ದಿಲು, ಅತಿನೇರಳೆ ಬೆಳಕು ಸಾಲಾಗಿ ನಿಂತರೆ ಹಿಡಿಯುತ್ತವೆ. ಸ್ವಾರಸ್ಯ ನೋಡಿ: ಈ ವಿಷಯದಲ್ಲಿ ಯೋಜನೆ ಹಾಕಿ ಶುದ್ಧ ಮಾಡಿದ ನೀರು, ಯೋಜನೆಯಿಲ್ಲದೆ ಹೊಳೆಯಲ್ಲಿ ಬೆರೆತು ಬಂದ ನೀರಿಗಿಂತ ವಾಸಿ.

ಒಂದು ಬೇಡಿಕೆ. ಡೇಟ್ ಮುಗಿದ ಮಾತ್ರೆಯನ್ನು ಕಮೋಡಿಗೆ ಹಾಕಬೇಡಿ.

ಕರೆಂಟ್ ಹೋದ್ರೆ?

ಒಳ್ಳೆಯ ಪ್ರಶ್ನೆ, ಒಬ್ಬ ಪಿಯುಸಿ ಹುಡುಗ ಕೇಳಿದ್ದು. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಒತ್ತಡವಿಲ್ಲದೆ ಆರ್‌ಓದಿಂದ ನೀರೇ ಬರುವುದಿಲ್ಲ. ಅದು ಅಪಾಯವಲ್ಲ. ಅಪಾಯ ಇರುವುದು ಅರೆಬರೆ ನಡೆಯುವಾಗ: ಪೊರೆ ಹರಿದಿದೆ, ದೀಪ ಮಂಕಾಗಿದೆ, ನೀರು ಮಾತ್ರ ಹರಿಯುತ್ತಿದೆ.

ಇ-ಕೋಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾದ ಪರೀಕ್ಷೆ ಲ್ಯಾಬಿನಲ್ಲಿ ಮಾಡಿದರೆ ಫಲಿತಾಂಶ ಬರುವುದು ಮಾರನೆಯ ದಿನ. ಅಷ್ಟರಲ್ಲಿ ಊರು ಕುಡಿದು ಮುಗಿಸಿರುತ್ತದೆ. ಹಾಗಾಗಿ ಇಂಥ ಘಟಕಗಳಲ್ಲಿ ಕ್ರಿಮಿಯನ್ನು ಕಾಯುವುದಿಲ್ಲ, ಕಾವಲುಗಾರರನ್ನು ಕಾಯುತ್ತಾರೆ. ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ, ಇಂಗಾಲದ ಅಂಶ ಎಷ್ಟಿದೆ, ಬೆಳಕು ಎಷ್ಟು ದಾಟುತ್ತದೆ ಅನ್ನುವುದನ್ನು ಮೀಟರುಗಳು ನಿಮಿಷ ನಿಮಿಷಕ್ಕೂ ಬರೆದುಕೊಳ್ಳುತ್ತವೆ. ಮಿತಿ ಮೀರಿದರೆ ವಾಲ್ವ್ ತಾನೇ ಮುಚ್ಚಿ ನೀರು ಹಿಂದಕ್ಕೆ ಹೋಗಬೇಕು. ಯಾರೋ ಫೋನ್ ಎತ್ತಿ ಸಾಹೇಬರನ್ನು ಕೇಳುವ ವ್ಯವಸ್ಥೆ ಆಗಿದ್ದರೆ ನಾನೇ ಮೊದಲು ವಿರೋಧಿಸುತ್ತೇನೆ.

ಲೋಕದಲ್ಲಿ ಯಾರಾದ್ರೂ ನಿಜವಾಗ್ಲೂ ಕುಡೀತಾರಾ?

ಆಫ್ರಿಕಾದ ನಮೀಬಿಯಾದ ರಾಜಧಾನಿ ವಿಂಡ್‌ಹುಕ್ 1968ರಿಂದ ಕುಡಿಯುತ್ತಿದೆ, ಅದೂ ನೇರ ದಾರಿಯಲ್ಲಿ. ಸಮುದ್ರ ದೂರ, ವರ್ಷವಿಡೀ ಹರಿಯುವ ಹೊಳೆ ಇನ್ನೂ ದೂರ, ಮಳೆ ಅಷ್ಟಕ್ಕಷ್ಟೆ. 2002ರಲ್ಲಿ ಕಟ್ಟಿದ ಹೊಸ ಘಟಕದ ಸಾಮರ್ಥ್ಯ ದಿನಕ್ಕೆ 2.1 ಕೋಟಿ ಲೀಟರ್. ಅಲ್ಲಿ ಕಾರ್ಖಾನೆಗಳ ಕೊಳಚೆಯನ್ನು ಮನೆಗಳ ಕೊಳಚೆಯ ಜೊತೆ ಸೇರಲು ಬಿಡುವುದೇ ಇಲ್ಲ, ಅದಕ್ಕೆ ಬೇರೆ ದಾರಿ. ಮೈಸೂರಿನಲ್ಲಿ ಈ ಮಾತೆತ್ತುವವರು ಮೊದಲು ಕಲಿಯಬೇಕಾದ ಪಾಠ ಇದು ಅಂತ ನನ್ನ ಅನಿಸಿಕೆ.

ಅಮೆರಿಕದ ಆರೆಂಜ್ ಕೌಂಟಿಯಲ್ಲಿ 2008ರಿಂದ ಇಂಥ ನೀರನ್ನು ಅಂತರ್ಜಲಕ್ಕೆ ಇಳಿಸುತ್ತಾರೆ, 2023ರಲ್ಲಿ ಘಟಕ ಇನ್ನೂ ದೊಡ್ಡದಾಯಿತು. ಸಿಂಗಪುರ ಇದಕ್ಕೆ ನ್ಯೂವಾಟರ್ ಅಂತ ಹೆಸರಿಟ್ಟು 2002ರ ರಾಷ್ಟ್ರೀಯ ದಿನಾಚರಣೆಯಲ್ಲಿ ಬಾಟಲಿಯಲ್ಲಿ ಹಂಚಿತು. ಅಲ್ಲಿ ಅದರ ಬಹುಪಾಲು ಹೋಗುವುದು ಚಿಪ್ ತಯಾರಿಸುವ ಕಾರ್ಖಾನೆಗಳಿಗೆ, ಅವಕ್ಕೆ ಅತಿ ಶುದ್ಧ ನೀರು ಬೇಕು. ಒಂದು ಪಾಲು ಮಾತ್ರ ಜಲಾಶಯಕ್ಕೆ ಸೇರುತ್ತದೆ.

ನಮ್ಮ ದೇಶದಲ್ಲಿ ಚೆನ್ನೈ 2019ರಲ್ಲಿ ಕೊಡುಂಗೈಯೂರು ಮತ್ತು ಕೊಯಂಬೇಡಿನಲ್ಲಿ ಆರ್‌ಓ ಇರುವ ಎರಡು ಘಟಕ ತೆರೆಯಿತು, ಒಂದೊಂದೂ ದಿನಕ್ಕೆ 4.5 ಕೋಟಿ ಲೀಟರಿನದು. ನೀರು ಕಾರ್ಖಾನೆಗಳಿಗೆ. ಸೂರತ್ ಅದಕ್ಕೂ ಮೊದಲೇ ಶುರುಮಾಡಿತ್ತು.

ಬೇಡ ಅಂದವರು ಯಾರೂ ಇಲ್ವಾ?

ಇದ್ದಾರೆ. ಆಸ್ಟ್ರೇಲಿಯಾದ ಟೂವೂಂಬಾ ಊರಿನಲ್ಲಿ 2006ರಲ್ಲಿ, ಬರಗಾಲದ ನಡುವೆಯೇ, ಮತಕ್ಕೆ ಹಾಕಿದರು. ನೂರಕ್ಕೆ 62ರಷ್ಟು ಜನ ಬೇಡ ಅಂದರು. ಅವರನ್ನು ದಡ್ಡರು ಅಂತ ಲೇವಡಿ ಮಾಡುವ ಇಂಜಿನಿಯರುಗಳನ್ನು ನೋಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ದೊಡ್ಡ ವಿಷಯವನ್ನು ಊರಿನ ಮುಂದಿಟ್ಟು, ಹೌದು ಅಥವಾ ಇಲ್ಲ ಅಂತ ಟಿಕ್ ಹಾಕಿ ಅಂದರೆ, ಅನುಮಾನ ಇರುವವರು ಇನ್ನೇನು ಮಾಡಬೇಕು? ಸಿಂಗಪುರದವರು ಘಟಕದ ಪಕ್ಕದಲ್ಲೇ ನೋಡಲು ಬರುವವರಿಗೆ ಕಟ್ಟಡ ಕಟ್ಟಿ, ಶಾಲೆಯ ಮಕ್ಕಳನ್ನು ಕರೆತಂದು ತೋರಿಸಿದರು.

ಮೇಷ್ಟ್ರೇ, ವಿಜ್ಞಾನ ಎಲ್ಲ ಸರಿ. ದೇವರ ಕೋಣೆಗೆ ಆ ನೀರು ಹೇಗೆ ಇಡೋದು?

ಸರಸ್ವತಿಪುರಂನ ಒಂದು ಸಭೆಯಲ್ಲಿ ಮುಂದಿನ ಸಾಲಿನ ಅಜ್ಜಿ ಕೇಳಿದ್ದು ಇದನ್ನು. ನಗಬೇಡಿ. ಮಡಿನೀರು ಅಂತ ಬಾವಿಯಿಂದ ಬೇರೆ ಬಿಂದಿಗೆ ಸೇದಿ, ಯಾರೂ ಮುಟ್ಟದ ಹಾಗೆ ತಂದಿಟ್ಟ ಕೈಗಳವು. ನೀರಿನ ಶುದ್ಧಿಯ ಬಗ್ಗೆ ನನಗಿಂತ ಐವತ್ತು ವರ್ಷ ಮೊದಲೇ ಯೋಚನೆ ಮಾಡಿದವರು.

ನಾನು ಅವರಿಗೆ ವಾದ ಮಾಡಲಿಲ್ಲ, ಕೇಳಿದೆ: 'ಅಮ್ಮಾ, ತಿರುಮಕೂಡಲಿನ ಕುಂಭಮೇಳಕ್ಕೆ ಹೋಗಿದ್ರಾ?' ಹೋಗಿದ್ದರು. ಸಂಗಮದಲ್ಲಿ ಮುಳುಗು ಹಾಕಿ ತೀರ್ಥವನ್ನು ಚೊಂಬಿನಲ್ಲಿ ಮನೆಗೂ ತಂದಿದ್ದರು. ಮೈಸೂರಿನ ಎರಡೂ ಕಡೆಯ ಇಳಿಜಾರಿನ ನೀರು ಬಂದು ಸೇರುವುದು ಅಲ್ಲಿಯೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹರಿಯೋ ಹೊಳೆಗೆ ಮೈಲಿಗೆ ಇಲ್ಲ ಕಣಪ್ಪ. ಪೈಪಿಗೆ ಉಂಟೋ ಇಲ್ಲವೋ ನೀನು ಹೇಳು' ಅಂದರು. ಸಭೆಯೇ ಚಪ್ಪಾಳೆ ತಟ್ಟಿತು, ಅವರಿಗೆ.

ಅದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ಸುತ್ತುದಾರಿಯಲ್ಲಿ ಕೆರೆಗೋ ಭೂಮಿಗೋ ಬಿಟ್ಟು ಎತ್ತಿದಾಗ ಜನ ಒಪ್ಪುವುದು ಹೆಚ್ಚು, ನೀರು ಒಮ್ಮೆ ಮಣ್ಣು ಮುಟ್ಟಿ ಬಂದರೆ ಅದರ ಹಿಂದಿನ ಜನ್ಮ ಮರೆತುಹೋಗುತ್ತದೆ. ಬರೀ ಕೆಮಿಸ್ಟ್ರಿ ನೋಡಿದರೆ, ಅಷ್ಟು ಶುದ್ಧ ಮಾಡಿದ ನೀರನ್ನು ಕೆರೆಗೆ ಬಿಟ್ಟು ಮತ್ತೆ ಗಲೀಜು ಮಾಡಿಕೊಳ್ಳುವುದು ದಡ್ಡತನ. ಆದರೆ ಕುಡಿಯುವುದು ಮನುಷ್ಯರು.

ಕೋಲಾರಕ್ಕೆ ಬೆಂಗಳೂರಿನ ಚರಂಡಿ ನೀರು ಬಿಟ್ಟರಲ್ಲ, ಅದೂ ಇದೇನಾ?

ಪೂರ್ತಿ ಅಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿರುವುದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಉದ್ದೇಶ ಅಂತರ್ಜಲ ಏರಿಸುವುದು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತು, ಅದು ಸಣ್ಣ ಸಂಗತಿಯಲ್ಲ. ಆದರೆ ಶುರುವಿನ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮೂರನೇ ಹಂತದ ಸಂಸ್ಕರಣೆ, ಅಂದರೆ ಎರಡನೇ ಹಂತ ದಾಟಿ ಉಳಿದ ರೋಗಾಣು, ಸಾರಜನಕ, ರಂಜಕವನ್ನೂ ತೆಗೆಯುವ ಕೆಲಸ, ಮಾಡಿ ಕೊಡಿ ಅನ್ನುವುದು ಅಲ್ಲಿನ ರೈತರ ಬೇಡಿಕೆ, ಅದು ನ್ಯಾಯವಾದದ್ದು. ಕೆರೆಗೆ ಅಂತ ಬಿಟ್ಟ ನೀರು ಬೋರ್‌ವೆಲ್ ಮೂಲಕ ಕೊನೆಗೆ ಯಾರದೋ ಬಿಂದಿಗೆಗೆ ಬರುತ್ತದೆ. ಕುಡಿಯಲಿಕ್ಕಲ್ಲ ಅಂತ ಕಡತದಲ್ಲಿ ಬರೆದಿರುವುದು ನೀರಿಗೆ ಗೊತ್ತಿರುವುದಿಲ್ಲ.

ಮೈಸೂರಿನ ಕೊಳಚೆ ಎಲ್ಲ ಶುದ್ಧ ಮಾಡಿದ್ರೆ ಎಷ್ಟು ನೀರು ಸಿಗುತ್ತೆ?

ಮೂರೂ ಘಟಕ ಪೂರ್ತಿ ಸಾಮರ್ಥ್ಯದಲ್ಲಿ ನಡೆದರೆ ದಿನಕ್ಕೆ 157 ದಶಲಕ್ಷ ಲೀಟರ್ ಚಿಲ್ಲರೆ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 2 ಟಿಎಂಸಿ. ಒಂದೊಂದು ಟಿಎಂಸಿಗೂ ಮಂಡ್ಯದಲ್ಲಿ ಹೆದ್ದಾರಿ ತಡೆಯುವ ಸೀಮೆ ನಮ್ಮದು. 2018ರ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆ ಅಂತ ಸುಪ್ರೀಂ ಕೋರ್ಟ್ ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ.

ಇಷ್ಟು ಹೇಳಿ ನಿಲ್ಲಿಸಿದರೆ ಸಭೆ ಖುಷಿಯಾಗುತ್ತದೆ, ಆದರೆ ಅರ್ಧ ಸುಳ್ಳಾಗುತ್ತದೆ. ಕಾವೇರಿ ನ್ಯಾಯಮಂಡಳಿ ಕುಡಿಯುವ ನೀರಿನ ಲೆಕ್ಕ ಹಾಕುವಾಗ ನಗರ ಎತ್ತಿದ ನೀರಿನಲ್ಲಿ ಖರ್ಚಾಗುವುದು ನೂರಕ್ಕೆ 20, ಉಳಿದ 80 ಹೊಳೆಗೆ ವಾಪಸ್ ಬರುತ್ತದೆ ಅಂತ ಹಿಡಿದಿದೆ. ಆ 80 ಅಂದರೆ ನಮ್ಮ ಕೊಳಚೆಯೇ. ಕೆಳಗಿನ ನಾಲೆಯವರು, ಬೆಂಗಳೂರಿನವರು, ತಮಿಳುನಾಡಿನವರು ಅದನ್ನೂ ಎಣಿಸಿಕೊಂಡಿದ್ದಾರೆ. ಮೈಸೂರು ತನ್ನ ನೀರನ್ನು ತಾನೇ ಮತ್ತೆ ಕುಡಿದರೆ ಎತ್ತುವುದನ್ನು ಅಷ್ಟು ಕಡಿಮೆ ಮಾಡಬೇಕು, ಆಗ ಲೆಕ್ಕ ಸರಿಹೋಗುತ್ತದೆ. ಎತ್ತುವುದೂ ಅಷ್ಟೇ ಇಟ್ಟುಕೊಂಡು ಇದನ್ನೂ ಬಳಸಿದರೆ ಹೊಸ ನೀರು ಹುಟ್ಟಲಿಲ್ಲ, ಇನ್ನೊಬ್ಬರ ಬಿಂದಿಗೆ ಖಾಲಿಯಾಯಿತು.

ಖರ್ಚು?

ಹೊಸದಾಗಿ ದೂರದ ನೀರು ತರುವುದಕ್ಕೆ ಹೋಲಿಸಿ ನೋಡಬೇಕು. ಎರಡನೇ ಹಂತದ ನೀರನ್ನು ಕುಡಿಯುವ ಮಟ್ಟಕ್ಕೆ ತರಲು ಸಾವಿರ ಲೀಟರಿಗೆ ಸುಮಾರು ಒಂದು ಯೂನಿಟ್ ಕರೆಂಟ್ ಬೇಕು. ಸಮುದ್ರದ ನೀರಿಗಾದರೆ ಮೂರರಿಂದ ನಾಲ್ಕು. ಬೆಂಗಳೂರಿಗೆ ಗುಡ್ಡ ಹತ್ತಿಸುವ ಕಷ್ಟ ಇರುವುದರಿಂದ ಅಲ್ಲಿ ಈ ಲೆಕ್ಕ ಬೇಗ ಗಿಟ್ಟುತ್ತದೆ. ಕಟ್ಟೆಯ ಪಕ್ಕದಲ್ಲಿರುವ ನಮಗೆ ಅಷ್ಟು ಬೇಗ ಗಿಟ್ಟುವುದಿಲ್ಲ.

ಆರ್‌ಓದಲ್ಲಿ ವೇಸ್ಟ್ ನೀರು ಬರುತ್ತಲ್ಲ, ಅದನ್ನೇನು ಮಾಡ್ತೀರಿ?

ನೂರು ಲೀಟರ್ ಹಾಕಿದರೆ ದೊಡ್ಡ ಘಟಕದಲ್ಲಿ 75ರಿಂದ 85 ಲೀಟರ್ ಒಳ್ಳೆಯ ನೀರು ಸಿಗುತ್ತದೆ. ಉಳಿದ 15-25 ಲೀಟರಿನಲ್ಲಿ ಉಪ್ಪು, ಔಷಧ, ಎಲ್ಲ ಗಟ್ಟಿಯಾಗಿ ಕೂತಿರುತ್ತದೆ. ಸಿಂಗಪುರ, ಕ್ಯಾಲಿಫೋರ್ನಿಯಾದವರಿಗೆ ಸಮುದ್ರವಿದೆ. ಮೈಸೂರಿಗೆ? ಕಪಿಲೆಗೆ ಬಿಟ್ಟರೆ ಶುರುಮಾಡಿದ ಜಾಗಕ್ಕೇ ವಾಪಸ್. ಕಾಯಿಸಿ ಒಣಗಿಸಲು ವಿಪರೀತ ಖರ್ಚು. ಒಳನಾಡಿನ ಊರುಗಳು ಮುಗ್ಗರಿಸುವುದು ಇಲ್ಲೇ, ಪ್ರಚಾರದ ಪತ್ರಿಕೆಗಳಲ್ಲಿ ಈ ವಿಷಯಕ್ಕೆ ಒಂದೇ ಸಾಲು ಇರುತ್ತದೆ. ವಿಂಡ್‌ಹುಕ್‌ನವರು ಆರ್‌ಓ ಬಿಟ್ಟು ಓಜೋನ್, ಇದ್ದಿಲಿನ ಹಾಸು, ಅಲ್ಟ್ರಾಫಿಲ್ಟ್ರೇಶನ್ ಹಿಡಿದರು, ಅದರಲ್ಲಿ ಇಂಥ ಉಪ್ಪುನೀರು ಉಳಿಯುವುದಿಲ್ಲ. ಮೈಸೂರಿಗೆ ಯಾವತ್ತಾದರೂ ಬೇಕಾದರೆ ನೋಡಬೇಕಾದ ದಾರಿ ಅದು.

ಹಾಗಾದ್ರೆ ಮೈಸೂರಿಗೆ ಬೇಕಾ, ಬೇಡ್ವಾ?

ಇವತ್ತಿಗೆ ನಲ್ಲಿಯಲ್ಲಿ ಬೇಡ. ಇದು ನನ್ನ ಅಭಿಪ್ರಾಯ, ಒಪ್ಪದವರು ನಮ್ಮ ಸಂಘದಲ್ಲೇ ಇದ್ದಾರೆ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಿಗೆ, ಪಾರ್ಕುಗಳಿಗೆ, ಕಟ್ಟಡ ಕಟ್ಟುವವರಿಗೆ ಕುಡಿಯುವ ನೀರು ಯಾಕೆ? ಅಲ್ಲಿಗೆಲ್ಲ ಮೂರನೇ ಹಂತದ ನೀರು ಕೊಟ್ಟರೆ ಅಷ್ಟು ಕಾವೇರಿ ಉಳಿಯುತ್ತದೆ. ರಾಜ್ಯ ಸರ್ಕಾರ 2017ರಲ್ಲೇ ನಗರದ ತ್ಯಾಜ್ಯನೀರಿನ ಮರುಬಳಕೆಗೆ ನೀತಿ ಮಾಡಿಟ್ಟಿದೆ. ಅದಕ್ಕೂ ಮೊದಲು ಚರಂಡಿ ನೀರು ಘಟಕವನ್ನು ತಲುಪಬೇಕು. ದಿವಾನ್ ಪೂರ್ಣಯ್ಯನವರು ಮೈಸೂರಿಗೆ ಕಾವೇರಿ ತರಬೇಕು ಅಂತ ತೋಡಿಸಿದ ನಾಲೆಯ ಗತಿ ನೋಡಿ, ಉಳಿದ ತುಂಡುಗಳಲ್ಲಿ ಇವತ್ತು ಹರಿಯುವುದು ಮೋರಿ ನೀರು.

ನಲ್ಲಿ ನೀರಿಗೇ ಯುಜಿಡಿ ಸೇರಿದ್ರೆ ಗೊತ್ತಾಗೋದು ಹೇಗೆ?

ಇದು ನಮ್ಮ ಮನೆಯಲ್ಲೇ ಆಗಿದೆ. ಒಂದು ಜೂನ್ ತಿಂಗಳು, ಸಂಪಿನ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಭೇದಿ. ನನ್ನ ಹತ್ತಿರ ಎಚ್2ಎಸ್ ಬಾಟಲಿಗಳಿದ್ದವು, ಹೆಬ್ಬೆರಳಿನಷ್ಟು ಸೀಸೆ, ಒಳಗೆ ಔಷಧ ಹೀರಿದ ಕಾಗದ. ಗುರುತಿನ ಗೆರೆಯವರೆಗೆ ನೀರು ತುಂಬಿ ಅಡುಗೆಮನೆಯ ಶೆಲ್ಫಿನಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಶಾಯಿಯ ಹಾಗೆ ಕಪ್ಪು. ಮಲದ ಬ್ಯಾಕ್ಟೀರಿಯಾ ಇರುವುದರ ಸೂಚನೆ ಅದು. ಬೀದಿ ಅಗೆಸಿದಾಗ ನಮ್ಮ ಸರ್ವಿಸ್ ಪೈಪು ಮ್ಯಾನ್‌ಹೋಲಿನ ಗೋಡೆಗೆ ಒರಗಿಕೊಂಡೇ ಹೋಗಿತ್ತು, ಬೆಸುಗೆಯಲ್ಲಿ ಕೂದಲೆಳೆಯ ಬಿರುಕು. ನೀರು ಬಿಟ್ಟಾಗ ಹೊರಗೆ ಸೋರುತ್ತದೆ, ನಿಲ್ಲಿಸಿದಾಗ ಖಾಲಿ ಪೈಪು ಸುತ್ತಲಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ದೂರು ಕೊಟ್ಟ ಮಾರನೆಯ ದಿನವೇ 'ಬಗೆಹರಿದಿದೆ' ಅಂತ ಮೊಬೈಲಿಗೆ ಸಂದೇಶ ಬಂತು. ಪೈಪು ಬದಲಾದದ್ದು ಒಂಬತ್ತನೇ ದಿನ.

ಶುದ್ಧ ಮಾಡದ ಕೊಳಚೆಯನ್ನು ನಾನು ಕುಡಿದದ್ದು ಹೀಗೆ. ಹೊಸ ತಂತ್ರಜ್ಞಾನಕ್ಕೆ ಹೆದರುವ ಮೊದಲು ನಿಮ್ಮ ನಲ್ಲಿಯಲ್ಲಿ ಕ್ಲೋರಿನ್ ಇದೆಯಾ ನೋಡಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಒಂದೆರಡು ಹನಿ ದ್ರಾವಣ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ.

ನಮ್ಮನೇಲೇ ಬಚ್ಚಲ ನೀರು ಶುದ್ಧ ಮಾಡಿ ಕುಡೀಬಹುದಾ?

ದಯವಿಟ್ಟು ಬೇಡ. ಮನೆಯ ಆರ್‌ಓ ಮೆಷಿನ್ ನಲ್ಲಿ ನೀರಿಗೆ, ಬೋರ್ ನೀರಿಗೆ ಮಾಡಿದ್ದು. ಪೊರೆ ಹರಿದರೆ ಹೇಳುವವರು ಯಾರೂ ಇಲ್ಲ. ವಾಷಿಂಗ್ ಮೆಷಿನ್ನಿನ ನೀರನ್ನು ಕಾಬಾಳೆ ಗಿಡದ ಪಾತಿಗೋ ತೆಂಗಿನ ಬುಡಕ್ಕೋ ಬಿಡಿ, ಆರ್‌ಓ ಬಿಟ್ಟ ನೀರಿನಲ್ಲಿ ನೆಲ ಒರೆಸಿ. ಚಾವಣಿಯ ಮಳೆನೀರಿನ ಪೈಪನ್ನು ಮಾತ್ರ ಮ್ಯಾನ್‌ಹೋಲಿಗೆ ಸೇರಿಸಬೇಡಿ. ಜೋರು ಮಳೆಯಲ್ಲಿ ಮುಚ್ಚಳ ಹಾರಿ ಬೀದಿಯೆಲ್ಲ ಹೊಲಸಾಗುವುದು ಅದರಿಂದಲೇ.

ಆ ಎರಡನೇ ಬಾಟಲಿ ನೀವು ಕುಡಿದು ತೋರಿಸಿ ನೋಡೋಣ!

ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ಹಿಂದಿನ ಸಾಲಿನಿಂದ ಕೂಗುತ್ತಾರೆ. ನಾನು ಕುಡಿಯುವುದಿಲ್ಲ. ಹಳೆ ಮೆಷಿನ್ನಿನಲ್ಲಿ ಹಾಯಿಸಿದ ನೀರು ಅದು, ಯಾರೂ ಪರೀಕ್ಷೆ ಮಾಡಿಲ್ಲ. ತಿಳಿಯಾಗಿ ಕಾಣುತ್ತದೆ, ಅಷ್ಟೆ. ನಗುತ್ತಾರೆ, ನಗಲಿ. ಇಡೀ ಹೊತ್ತು ಅಳತೆಯ ವಿಷಯ ಮಾತಾಡಿ ಕೊನೆಗೆ ಚಪ್ಪಾಳೆಗಾಗಿ ಅಳೆಯದ ನೀರು ಕುಡಿಯುವುದು ನನ್ನಿಂದಾಗದು. ಸಿಂಗಪುರದ ಬಾಟಲಿ ಕೊಟ್ಟರೆ ಈಗಲೇ ಕುಡಿಯುತ್ತೇನೆ.

ಕೊನೇದಾಗಿ, ಆ ನೀರಲ್ಲಿ ಕಾಫಿ ಹೇಗಿರುತ್ತೆ?

ಸುಣ್ಣ ಬೆರೆಸುವ ಮೊದಲಿನ ನೀರಾದರೆ ಸಪ್ಪೆ. ಕಾಫಿಪುಡಿಯ ಸತ್ವ ಇಳಿಯಲು ನೀರಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಬೇಕು. ಆರ್‌ಓ ಹಾಕಿಸಿದ ಮೇಲೆ ಡಿಕಾಕ್ಷನ್ ಹಿಂದಿನ ಹಾಗಿಲ್ಲ ಅಂತ ನಮ್ಮಾಕೆ ಮೂರು ವರ್ಷದಿಂದ ಹೇಳುತ್ತಿದ್ದಾಳೆ, ಪುಡಿ ಅಂಗಡಿಯವನನ್ನು ಬೈಯುತ್ತಿದ್ದಾಳೆ. ತಪ್ಪು ಅವನದಲ್ಲ ಅಂತ ನಾನಿನ್ನೂ ಹೇಳಿಲ್ಲ, ಮೆಷಿನ್ ತಂದವನು ನಾನೇ.